ದುಬಾರಿ ಧ್ವನಿ ಸಲಕರಣೆ: ಬೆಲೆ ಹೇಳುವ ಮೊದಲು ಕೇಳಿಸಿ

ಮಾನ್ಯ ಸಂಪಾದಕರೇ,

ಮನೆಯಲ್ಲಿ ಸಂಗೀತ ಕೇಳುವ ಸಲುವಾಗಿ ಲಕ್ಷಾಂತರ ರೂಪಾಯಿ ಬೆಲೆಯ ಆಂಪ್ಲಿಫೈಯರ್, ಸ್ಪೀಕರ್, ರೆಕಾರ್ಡ್ ಪ್ಲೇಯರ್‌ಗಳನ್ನು ಮಾರುವ ಹೈ-ಎಂಡ್ ಆಡಿಯೊ ವ್ಯಾಪಾರ ಸೊರಗುತ್ತಿದೆ ಎಂಬ ಮಾತು ಆ ವಲಯದವರ ಬಾಯಿಂದಲೇ ಕೇಳಿಬರುತ್ತಿದೆ. ಈಗಿನ ಹುಡುಗರಿಗೆ ಕೂತು ಹಾಡು ಕೇಳುವ ವ್ಯವಧಾನವಿಲ್ಲ, ಇಯರ್‌ಬಡ್ ಸಿಕ್ಕಿಸಿಕೊಂಡು ಓಡಾಡುವುದೇ ಅವರಿಗೆ ಸಾಕು ಎಂದು ಅವರು ಕಾರಣ ಕೊಡುತ್ತಾರೆ. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳಿ ನಿವೃತ್ತನಾದ, ತುಮಕೂರಿನ ಪರಿಚಿತರು ಸ್ಪೀಕರ್ ಕೊಳ್ಳುವ ಮುನ್ನ ಈಗಲೂ ಒಂದು ಮಾತು ಕೇಳಿ ಹೋಗುವ ನನಗೆ ಈ ಕಾರಣ ಒಪ್ಪಿಗೆಯಾಗುವುದಿಲ್ಲ. ಕೊಳ್ಳುವವನು ತನ್ನ ಕಿವಿಯಿಂದ ಪರೀಕ್ಷಿಸಿ ತೀರ್ಮಾನಿಸಲು ಈ ವ್ಯಾಪಾರ ಬಿಡುತ್ತಿಲ್ಲವೆಂಬುದೇ ಅದರ ಮೂಲ ರೋಗ ಎಂದು ನನ್ನ ಅಭಿಪ್ರಾಯ.

ಮೊದಲು ಈ ವ್ಯಾಪಾರದ ಯಜಮಾನಿಕೆ ಯಾರ ಕೈಯಲ್ಲಿದೆ ಎಂದು ನೋಡಬೇಕು. ಜೆಬಿಎಲ್, ಮಾರ್ಕ್ ಲೆವಿನ್‌ಸನ್, ರೆವೆಲ್ ಮುಂತಾದ ಹೆಸರುಗಳನ್ನು ಹೊಂದಿದ್ದ ಹಾರ್ಮನ್ ಕಂಪನಿಯನ್ನು ಸ್ಯಾಮ್‌ಸಂಗ್ 2017ರಲ್ಲಿ ಸುಮಾರು 800 ಕೋಟಿ ಡಾಲರ್ ಕೊಟ್ಟು ಕೊಂಡಿತು. ಆಸ್ಪತ್ರೆಗಳಲ್ಲಿ ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ತಯಾರಿಸುವ ಮಾಸಿಮೊ ಎಂಬ ಅಮೆರಿಕದ ಕಂಪನಿಯು ಡೆನಾನ್, ಮರಾಂಟ್ಜ್, ಬೋವರ್ಸ್ ಅಂಡ್ ವಿಲ್ಕಿನ್ಸ್‌ನಂಥ ಹಳೆಯ ಹೆಸರುಗಳಿದ್ದ ಸೌಂಡ್ ಯುನೈಟೆಡ್ ಸಂಸ್ಥೆಯನ್ನು 2022ರಲ್ಲಿ 100 ಕೋಟಿ ಡಾಲರಿಗೂ ಹೆಚ್ಚು ತೆತ್ತು ಕೊಂಡಿತು. ಮೂರೇ ವರ್ಷದಲ್ಲಿ, 2025ರಲ್ಲಿ, ಅದನ್ನು 35 ಕೋಟಿ ಡಾಲರಿಗೆ ಅದೇ ಹಾರ್ಮನ್‌ಗೆ ಮಾರಿ ಕೈತೊಳೆದುಕೊಂಡಿತು. 2024ರ ನವೆಂಬರಿನಲ್ಲಿ ಅಮೆರಿಕದ ಆಡಿಯೊ ತಯಾರಕ ಮ್ಯಾಕಿಂಟಾಷ್ ಮತ್ತು ಇಟಲಿಯ ಸೋನಸ್ ಫೇಬರ್ ಎರಡೂ ಬೋಸ್ ಕಂಪನಿಯ ಪಾಲಾದವು. ಲೆಕ್ಸಸ್ ಕಾರಿನ ಬಾಗಿಲಲ್ಲಿ ಮಾರ್ಕ್ ಲೆವಿನ್‌ಸನ್ ಹೆಸರನ್ನೂ ವೋಲ್ವೊ ಕಾರಿನಲ್ಲಿ ಬೋವರ್ಸ್ ಹೆಸರನ್ನೂ ಕಾಣಬಹುದು. ಹೊಸ ಯಜಮಾನರು ಹಣ ಕೊಟ್ಟಿದ್ದು ಬಹುಮಟ್ಟಿಗೆ ಆ ಹೆಸರಿಗೆ. ಮನೆಯ ಹಾಲ್‌ನಲ್ಲಿ ಕೂತು ಸಂಗೀತ ಕೇಳುವ ಗಿರಾಕಿ ಅವರ ಲೆಕ್ಕದಲ್ಲಿ ಕೊನೆಯ ಸಾಲಿನವನು.

ಇನ್ನುಳಿದ ಸಣ್ಣ ತಯಾರಕರು ಬೇರೆ ದಾರಿ ಹಿಡಿದಿದ್ದಾರೆ. ಗಿರಾಕಿಗಳು ಕಡಿಮೆಯಾದಷ್ಟೂ ಬೆಲೆ ಏರಿಸುವುದು ಆ ದಾರಿ. ಅಮೆರಿಕದ ವಿಲ್ಸನ್ ಆಡಿಯೊ 2017ರಲ್ಲಿ ಹೊರತಂದ ಒಂದು ಜೋಡಿ ಸ್ಪೀಕರಿಗೆ ಇಟ್ಟ ಬೆಲೆ 6,85,000 ಡಾಲರ್, ಅಂದಿನ ಲೆಕ್ಕದಲ್ಲೇ ನಾಲ್ಕು ಕೋಟಿ ರೂಪಾಯಿ ಮೀರಿದ್ದು. ಅಂಥದನ್ನು ಕೊಳ್ಳುವ ಶ್ರೀಮಂತರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಸಂಬಳದ ಹಣದಲ್ಲಿ ಒಂದಿಷ್ಟು ಉಳಿಸಿ ಒಳ್ಳೆಯ ಸೆಟ್ ಕೊಳ್ಳುತ್ತಿದ್ದ ಮೇಷ್ಟರು, ಬ್ಯಾಂಕ್ ನೌಕರರು, ಸಣ್ಣ ವ್ಯಾಪಾರಿಗಳು ಈ ಮಾರುಕಟ್ಟೆಯಿಂದ ಮರೆಯಾದದ್ದು ತಾನಾಗಿ ಆದ ಸಂಗತಿಯಲ್ಲ. ಒಂದು ಕಾಲಕ್ಕೆ ಕೋಲ್ಕತ್ತದ ಸೋನೊಡೈನ್, ಮುಂಬೈನ ಕಾಸ್ಮಿಕ್‌ನಂಥ ನಮ್ಮ ದೇಶದ್ದೇ ಡೆಕ್ಕು, ಆಂಪ್ಲಿಫೈಯರುಗಳು ಸಾಧಾರಣ ಊರುಗಳಲ್ಲೂ ಕಣ್ಣಿಗೆ ಬೀಳುತ್ತಿದ್ದವು. ನಮ್ಮದೇ ಕ್ಯಾಸೆಟ್ಟನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಅಂಗಡಿಯವರು ಬೇಸರಿಸಿಕೊಳ್ಳುವ ತನಕ ಒಂದೊಂದೇ ಸೆಟ್‌ನಲ್ಲಿ ಹಾಕಿಸಿ ಕೇಳುತ್ತಿದ್ದೆವು. ಇಂದು ತುಮಕೂರಿನ ಅಂಗಡಿಗಳಲ್ಲಿ ಟಿ.ವಿ.ಯ ಕೆಳಗಿಡುವ ಸೌಂಡ್‌ಬಾರ್ ಮತ್ತು ಬ್ಲೂಟೂತ್ ಡಬ್ಬಗಳನ್ನು ಬಿಟ್ಟರೆ ಹೆಚ್ಚೇನೂ ಸಿಗುವುದಿಲ್ಲ. ಅದಕ್ಕಿಂತ ಮೇಲಿನದು ಬೇಕೆಂದರೆ ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಬೇಕು. ಅಲ್ಲಿಯೂ ಫೋನ್ ಮಾಡಿ ಸಮಯ ಗೊತ್ತುಮಾಡಿಕೊಳ್ಳಬೇಕು. ಹೋದ ಮೇಲೆ ಅವರು ಆರಿಸಿದ ಹಾಡನ್ನು ಅವರು ಸಜ್ಜುಗೊಳಿಸಿದ ಕೋಣೆಯಲ್ಲಿ ಕೇಳಿ ತಲೆದೂಗಬೇಕು.

ಆ ಕೋಣೆಯ ವಿಷಯವನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಅಗತ್ಯ. ನಮ್ಮ ಬಡಾವಣೆಯಲ್ಲಿರುವ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಕೆಲಕಾಲದ ಹಿಂದೆ ಬೆಂಗಳೂರಿನ ಮಳಿಗೆಯೊಂದರಿಂದ ಎದೆಯೆತ್ತರದ ಒಂದು ಜೋಡಿ ಸ್ಪೀಕರ್ ತಂದರು. ಮಳಿಗೆಯಲ್ಲಿ ಬಹಳ ಚೆನ್ನಾಗಿ ಕೇಳಿಸಿದ್ದ ಸಂಗೀತ ಕಚೇರಿ ಇವರ ಮನೆಯಲ್ಲಿ ಕೆಸರಾಯಿತು. ಮೃದಂಗದ ಗುಂಕಿ (ಎಡಗೈಯ ಮಂದ್ರನಾದ) ಒಂದು ಹೊರಟರೆ ಮುಂದಿನ ಎರಡು ಏಟುಗಳನ್ನು ನುಂಗಿಕೊಂಡೇ ಅಡಗುತ್ತಿತ್ತು. ಮಳಿಗೆಯವರಿಗೆ ಫೋನ್ ಮಾಡಿದಾಗ ಎಂಬತ್ತು ಸಾವಿರ ರೂಪಾಯಿಯ ಸ್ಪೀಕರ್ ಕೇಬಲ್ ಹಾಕಿಸಿದರೆ ಸರಿಹೋಗುತ್ತದೆ ಎಂಬ ಸಲಹೆ ಬಂತು. ನಾನು ಹೋಗಿ ನೋಡಿದಾಗ ಕಂಡದ್ದು ನಮ್ಮ ಕಡೆಯ ಎಲ್ಲ ಹೊಸ ಮನೆಗಳಲ್ಲೂ ಇರುವಂಥದೇ ಹಾಲ್: ಉದ್ದಗಲ ಎರಡೂ ಹನ್ನೆರಡಡಿ, ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಮೇಲೆ ಆರ್‌ಸಿಸಿ, ಒಂದು ಪಕ್ಕ ಗಾಜಿನ ಶೋಕೇಸ್. ನಡುವೆ ನಿಂತು ಚಪ್ಪಾಳೆ ತಟ್ಟಿದರೆ ಗೋಡೆಗಳ ನಡುವೆ ‘ಟರ್ರ್’ ಎಂದು ಸದ್ದು ಓಡುತ್ತಿತ್ತು. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್ ಆಗಿರುವುದರಿಂದ ಎದುರುಬದುರು ಗೋಡೆಗಳ ನಡುವೆ ಹನ್ನೆರಡಡಿ ಅಂತರವಿರುವ ಕೋಣೆಯು ಸುಮಾರು 47 ಹರ್ಟ್ಸ್ (ಸೆಕೆಂಡಿಗೆ 47 ಕಂಪನಗಳ ಮಂದ್ರದನಿ) ಮತ್ತು ಅದರ ಎರಡರಷ್ಟಾದ 94 ಹರ್ಟ್ಸ್ ಆಸುಪಾಸಿನಲ್ಲಿ ತಾನೇ ಅನುರಣಿಸುತ್ತದೆ. ಉದ್ದವೂ ಅಗಲವೂ ಒಂದೇ ಆದರೆ ಈ ಕಾಟ ಇಮ್ಮಡಿಯಾಗುತ್ತದೆ. ಸ್ಪೀಕರುಗಳೂ ಸೋಫಾವೂ ಗೋಡೆಗೆ ಅಂಟಿಕೊಂಡಿದ್ದವು. ಎರಡನ್ನೂ ಗೋಡೆಯಿಂದ ಮುಂದಕ್ಕೆ ಎಳೆದು, ನೆಲಕ್ಕೆ ದಪ್ಪ ಕಾರ್ಪೆಟ್ ಹಾಸಿ, ಒಳಕೋಣೆಯಲ್ಲಿದ್ದ ಪುಸ್ತಕದ ಬೀರುವನ್ನು ಹಾಲ್‌ಗೆ ತಂದಿಟ್ಟ ಮೇಲೆ ಗುಂಕಿ ತನ್ನ ಮಿತಿಯಲ್ಲಿ ನಿಂತಿತು. ಪೂರ್ತಿ ಸರಿಹೋಯಿತೆಂದಲ್ಲ, ಕೇಳಿ ಸುಖಪಡುವಷ್ಟು ಆಯಿತು. ಅವರ ಮನೆಯವರಿಗೆ ಮಾತ್ರ ಹಾಲ್‌ನ ನಡುವೆ ಬಂದು ಕೂತ ಸೋಫಾ ಇಂದಿಗೂ ಇಷ್ಟವಿಲ್ಲ.

ಇಲ್ಲಿ ಖರ್ಚಾದದ್ದು ಕಾರ್ಪೆಟ್ಟಿನ ಹಣವಷ್ಟೇ. ಬೀರು ಸರಿಸುವುದರಲ್ಲಿ ಮಾರುವವನಿಗೆ ಲಾಭವಿಲ್ಲ, ಕೇಬಲ್‌ನಲ್ಲಿ ಇದೆ. ಕೇಬಲ್ಲಿನ ಲೆಕ್ಕವನ್ನಾದರೂ ನೋಡೋಣ. ಮನೆಯ ವೈರಿಂಗ್‌ಗೆ ಬಳಸುವ 2.5 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನೇ ಐದು ಮೀಟರ್ ದೂರಕ್ಕೆ ಎಳೆದರೆ, ಹೋಗುವ ಬರುವ ಎರಡೂ ಎಳೆ ಸೇರಿ ಅದರ ರೋಧ 0.07 ಓಮ್ ಆಗುತ್ತದೆ. 8 ಓಮ್ ಸ್ಪೀಕರಿನ ಮುಂದೆ ಇದು ನೂರರಲ್ಲಿ ಒಂದು ಪಾಲೂ ಅಲ್ಲ. ಅದನ್ನು ಇನ್ನೂ ಇಳಿಸಬೇಕೆಂದರೆ 4 ಚದರ ಮಿಲಿಮೀಟರಿನ ತಂತಿ ಯಾವುದೇ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಟ್ರಾನ್ಸ್‌ಫಾರ್ಮರಿನಿಂದ ಬೀದಿಯ ಕಂಬಗಳ ಮೇಲೆ ಅಲ್ಯೂಮಿನಿಯಂ ತಂತಿಯಲ್ಲಿ ಹರಿದು ಬಂದ ವಿದ್ಯುತ್ತು ಗೋಡೆಯಿಂದ ಆಂಪ್ಲಿಫೈಯರಿಗೆ ಹೋಗುವ ಕೊನೆಯ ಒಂದೂವರೆ ಮೀಟರಿನ ದುಬಾರಿ ಪವರ್ ಕಾರ್ಡಿನಲ್ಲಿ ಪಾವನವಾಗುತ್ತದೆ ಎಂದು ನಂಬಿಸುವವರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಕೇಳುವ ಕಿವಿ ಪಳಗಿದ್ದರೆ ವ್ಯತ್ಯಾಸ ಗೊತ್ತಾಗುತ್ತದೆ ಎಂಬುದು ಇದಕ್ಕೆಲ್ಲ ಸಿಗುವ ಸಿದ್ಧ ಉತ್ತರ. ಹಾಗಿದ್ದರೆ ಯಾವುದು ನುಡಿಯುತ್ತಿದೆ ಎಂದು ತಿಳಿಯದ ಹಾಗೆ ಮಾಡಿ ಕೇಳಿಸಬೇಕು. ಅಮೆರಿಕದಲ್ಲಿ ಮೇಯರ್ ಮತ್ತು ಮೊರಾನ್ ಎಂಬಿಬ್ಬರು ಇದನ್ನು ಮಾಡಿ ನೋಡಿ, 2007ರಲ್ಲಿ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಸಿ.ಡಿ.ಗಿಂತ ಹೆಚ್ಚು ವಿವರ ಹಿಡಿದಿಡುವ ಹೈ-ರೆಸಲ್ಯೂಷನ್ ಡಿಸ್ಕಿನ ಧ್ವನಿಯನ್ನು ಒಮ್ಮೆ ನೇರವಾಗಿಯೂ, ಒಮ್ಮೆ 1982ರಷ್ಟು ಹಳೆಯದಾದ ಸಿ.ಡಿ.ಯ 16 ಬಿಟ್, 44.1 ಕಿಲೋಹರ್ಟ್ಸ್ ಮಟ್ಟಕ್ಕೆ ಇಳಿಸಿಯೂ ಕೇಳಿಸಿದಾಗ, ಐನೂರಕ್ಕೂ ಹೆಚ್ಚು ಸುತ್ತುಗಳಲ್ಲಿ ಕೇಳುಗರು ಹೇಳಿದ ಉತ್ತರ ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಉತ್ತಮವಾಗಿರಲಿಲ್ಲ. 2022ರಲ್ಲಿ ಬಯಲಾದ, ಮೊಬೈಲ್ ಫಿಡೆಲಿಟಿ ಎಂಬ ಅಮೆರಿಕದ ರೆಕಾರ್ಡ್ ಕಂಪನಿಯ ಪ್ರಕರಣ ಇನ್ನೂ ಸ್ವಾರಸ್ಯಕರ. ಡಿಜಿಟಲ್ ಸೋಂಕೇ ಇಲ್ಲದ ಶುದ್ಧ ಅನಲಾಗ್ ಎಂದು ಭಾವಿಸಿ ಜನ ದುಬಾರಿ ಬೆಲೆಗೆ ಕೊಂಡಿದ್ದ ಆ ಕಂಪನಿಯ ಎಷ್ಟೋ ಗ್ರಾಮಫೋನ್ ರೆಕಾರ್ಡುಗಳ ತಯಾರಿಕೆಯಲ್ಲಿ ಹಲವು ವರ್ಷಗಳಿಂದ ಡಿಜಿಟಲ್ ಹಂತವೊಂದು ಇದ್ದೇ ಇತ್ತು. ಡಿಜಿಟಲ್ಲನ್ನು ಕ್ಷಣದಲ್ಲಿ ಗುರುತಿಸುತ್ತೇವೆಂದು ಪ್ರತಿಜ್ಞೆ ಮಾಡುತ್ತಿದ್ದ ಅಷ್ಟೂ ಪಳಗಿದ ಕಿವಿಗಳಿಗೆ ಅದು ತಿಳಿಯಲಿಲ್ಲ. ಕಂಪನಿಯವರೇ ಬಾಯಿಬಿಟ್ಟ ಮೇಲೆ ತಿಳಿಯಿತು.

ಮಳಿಗೆಗಳಲ್ಲಿ ನಡೆಯುವ ಇನ್ನೊಂದು ಸಂಗತಿ ಓದುಗರಿಗೆ ತಿಳಿದಿರಲಿ. ಎರಡು ಆಂಪ್ಲಿಫೈಯರ್‌ಗಳ ಪೈಕಿ ಒಂದರ ಸದ್ದು ಒಂದು ಡೆಸಿಬೆಲ್‌ಗಿಂತ ಕಡಿಮೆಯಷ್ಟು ಹೆಚ್ಚಿದ್ದರೂ ಕಿವಿಗೆ ಅದು ಜೋರಾಗಿದೆ ಎನಿಸುವುದಿಲ್ಲ, ಚೆನ್ನಾಗಿದೆ ಎನಿಸುತ್ತದೆ. ದುಬಾರಿಯದನ್ನು ಕೇಳಿಸುವಾಗ ವಾಲ್ಯೂಮ್ ಗುಂಡಿಯ ಮೇಲೆ ಯಾರ ಕೈಯಿದೆ ಎಂದು ಗಮನಿಸಿದರೆ ಸಾಕು. ಸದ್ದನ್ನು ಮೀಟರಿನಲ್ಲಿ ಅಳೆದು ಸಮ ಮಾಡದೆ ನಡೆಸುವ ಯಾವ ಹೋಲಿಕೆಗೂ ಅರ್ಥವಿಲ್ಲ.

ಹಾಗೆಂದು ಎಲ್ಲ ಸಲಕರಣೆಯೂ ಒಂದೇ ಎಂದು ನಾನು ಹೇಳುತ್ತಿಲ್ಲ. ಸ್ಪೀಕರಿನಿಂದ ಸ್ಪೀಕರಿಗೆ ಇರುವ ವ್ಯತ್ಯಾಸ ದೊಡ್ಡದು. ಅದನ್ನು ಕೇಳಲು ಪಳಗಿದ ಕಿವಿಯೇ ಬೇಕಿಲ್ಲ. ಸಾಮಾನ್ಯ ಸ್ಪೀಕರೊಂದು ತಾನು ಪಡೆದ ವಿದ್ಯುತ್ತಿನಲ್ಲಿ ನೂರಕ್ಕೆ ಒಂದು ಪಾಲನ್ನೂ ಶಬ್ದವಾಗಿಸುವುದಿಲ್ಲ, ಉಳಿದದ್ದೆಲ್ಲ ಕಾವಾಗಿ ಹೋಗುತ್ತದೆ. ಇಷ್ಟು ಒರಟಾದ ಯಂತ್ರವನ್ನು ಒಪ್ಪವಾಗಿ ಮಾಡುವುದಕ್ಕೆ ಮಂದ್ರದನಿಗೆ ಒಳ್ಳೆಯ ಊಫರ್, ತಾರದನಿಗೆ ಒಳ್ಳೆಯ ಟ್ವೀಟರ್, ಅವೆರಡನ್ನು ಹದವಾಗಿ ಬೆಸೆಯುವ ಕ್ರಾಸ್‌ಓವರ್, ಅಲುಗಾಡದ ಪೆಟ್ಟಿಗೆ ಎಲ್ಲವೂ ಬೇಕು; ಅದಕ್ಕೆ ಹಣ ಕೊಡುವುದು ನ್ಯಾಯವೇ. ಡಿಜಿಟಲ್ ಭಾಗದಲ್ಲಿ ಮಾತ್ರ ಕಾಲ ಬದಲಾಗಿದೆ. ಚೀನಾದ ಟಾಪಿಂಗ್, ಎಸ್‌ಎಂಎಸ್‌ಎಲ್‌ನಂಥ ಕಂಪನಿಗಳು ಹತ್ತು ಹದಿನೈದು ಸಾವಿರ ರೂಪಾಯಿಗೆ ಮಾರುತ್ತಿರುವ, ಡಿಜಿಟಲ್ ಅಂಕಿಗಳನ್ನು ಆಂಪ್ಲಿಫೈಯರಿಗೆ ಬೇಕಾದ ಅನಲಾಗ್ ಸಂಕೇತವಾಗಿಸುವ ಡ್ಯಾಕ್‌ಗಳಲ್ಲಿ ಉಳಿದಿರುವ ದೋಷ ಮನುಷ್ಯರ ಕಿವಿಗೆ ನಿಲುಕುವಂಥದಲ್ಲ. ಸಂಗೀತವನ್ನು ಒದಗಿಸುವವರ ಕಡೆಯೂ ಹೀಗೆಯೇ: ಆಪಲ್ ಮ್ಯೂಸಿಕ್ 2021ರಿಂದ ಲಾಸ್‌ಲೆಸ್ ಧ್ವನಿಯನ್ನು (ಮೂಲದ ಯಾವ ಅಂಶವನ್ನೂ ಬಿಡದೆ ಅಡಕಿಸಿದ್ದು) ಹೆಚ್ಚುವರಿ ಶುಲ್ಕವಿಲ್ಲದೆ ಕೊಡುತ್ತಿದೆ. ಹೊಸ ಯುಗದ ಧ್ವನಿ ಎಂದು 2014ರಲ್ಲಿ ಡಂಗುರ ಸಾರಿದ ಎಂಕ್ಯುಎ ಎಂಬ, ಧ್ವನಿಯನ್ನು ಚಿಕ್ಕ ಫೈಲಿಗೆ ಅಡಕಿಸುವ ತಂತ್ರಜ್ಞಾನದ ಕಂಪನಿ 2023ರಲ್ಲಿ ದಿವಾಳಿಯಂಚಿಗೆ ಬಂದು ಕೈಬದಲಾಯಿತು. ಅದನ್ನು ನೆಚ್ಚಿಕೊಂಡಿದ್ದ ಟೈಡಲ್ ಎಂಬ ಸಂಗೀತ ಸ್ಟ್ರೀಮಿಂಗ್ ಸೇವೆ ಕೂಡ ಮರುವರ್ಷ ಕೈಬಿಟ್ಟಿತು. ಎಂಕ್ಯುಎ ಮುದ್ರೆಯಿದೆ ಎಂಬ ಕಾರಣಕ್ಕೇ ಹಳೆಯ ಯಂತ್ರ ಬದಲಾಯಿಸಿದವರು ನನ್ನ ಪರಿಚಯದಲ್ಲೂ ಇದ್ದಾರೆ.

ಮೇಯರ್ ಮತ್ತು ಮೊರಾನ್ ತಮ್ಮ ಲೇಖನದಲ್ಲಿ ಇನ್ನೊಂದು ಮಾತು ಬರೆದಿದ್ದರು: ಆ ದುಬಾರಿ ಡಿಸ್ಕುಗಳು ನಿಜಕ್ಕೂ ಚೆನ್ನಾಗಿ ಕೇಳುತ್ತಿದ್ದವು, ಏಕೆಂದರೆ ಅವುಗಳ ಧ್ವನಿಮುದ್ರಣದಲ್ಲಿ ಹೆಚ್ಚು ಶ್ರದ್ಧೆ ಇತ್ತು. ಕನ್ನಡದ ಕೇಳುಗರಿಗೆ ಇದು ನೇರವಾಗಿ ತಟ್ಟುವ ವಿಷಯ. ಅರವತ್ತು, ಎಪ್ಪತ್ತರ ದಶಕದಲ್ಲಿ 45 ಆರ್‌ಪಿಎಂನ ಪುಟ್ಟ ಇ.ಪಿ. ರೆಕಾರ್ಡುಗಳಾಗಿ ಬಂದ ನಮ್ಮ ಚಿತ್ರಗೀತೆಗಳು ಇಂದು ಫೋನಿನಲ್ಲಿ ಸಿಗುವಾಗ ಎಷ್ಟೋ ಹಾಡುಗಳಲ್ಲಿ ಸವೆದ ರೆಕಾರ್ಡಿನ ಗೀರು ಹಾಗೆಯೇ ಇದೆ. ಇನ್ನು ಕೆಲವಕ್ಕೆ ಗೀರು ತೆಗೆಯುವ ಭರದಲ್ಲಿ ಗಾಯಕರ ಉಸಿರನ್ನೇ ತೆಗೆದು, ಮೆಲುದನಿಯನ್ನೂ ಏರುದನಿಯನ್ನೂ ಒಂದೇ ಮಟ್ಟಕ್ಕೆ ಒತ್ತಿಟ್ಟಿದ್ದಾರೆ. ಐದು ಲಕ್ಷದ ಸೆಟ್‌ನಲ್ಲಿ ಇಂಥದನ್ನು ಹಾಕಿದರೆ ಗೀರು ಐದು ಲಕ್ಷದ ಸ್ಪಷ್ಟತೆಯಲ್ಲಿ ಕೇಳುತ್ತದೆ. ಮೂಲ ಟೇಪುಗಳು ಉಳಿದಿರುವ ಕಡೆ ಅವುಗಳಿಂದ ಹೊಸದಾಗಿ, ನಿಧಾನವಾಗಿ ಪ್ರತಿ ಮಾಡಿಸುವ ಕೆಲಸಕ್ಕೆ ಈ ವ್ಯಾಪಾರದವರು ಕೈಜೋಡಿಸಿದರೆ ಅವರ ಯಂತ್ರಗಳಿಗೂ ಒಂದು ಕೆಲಸ ಸಿಕ್ಕೀತು.

ದುರಸ್ತಿಯ ವಿಷಯವನ್ನೂ ಹೇಳಲೇಬೇಕು. ಊಫರ್ ಸುತ್ತಲಿನ ಫೋಮ್ ಅಂಚು ಹದಿನೈದು ಇಪ್ಪತ್ತು ವರ್ಷಕ್ಕೆ ಪುಡಿಯಾಗುತ್ತದೆ, ಆಂಪ್ಲಿಫೈಯರಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಒಣಗುತ್ತದೆ. ಹಬ್ಬ ಜಾತ್ರೆಗಳಿಗೆ ಅಹುಜಾ ಸೆಟ್ ಬಾಡಿಗೆಗೆ ಕೊಡುವವರ ಆಂಪ್ಲಿಫೈಯರುಗಳನ್ನು ರಿಪೇರಿ ಮಾಡುವ, ಸುಟ್ಟ ಕಾಯಿಲ್ ಬದಲಿಸಿ ಸ್ಪೀಕರಿಗೆ ಹೊಸ ಕೋನ್ ಹಾಕುವ ಕೈಗಳು ನಮ್ಮ ಊರಿನಲ್ಲಿ ಇನ್ನೂ ಇವೆ. ಬಿಡಿಭಾಗವನ್ನೂ ಸರ್ಕ್ಯೂಟಿನ ನಕ್ಷೆಯನ್ನೂ ಕಂಪನಿಗಳು ಕೊಡುವುದಾದರೆ ಎರಡು ಲಕ್ಷದ ಯಂತ್ರವೊಂದು ಇಪ್ಪತ್ತು ರೂಪಾಯಿಯ ಕೆಪಾಸಿಟರಿಗಾಗಿ ಮೂಲೆ ಸೇರಬೇಕಿಲ್ಲ.

ಬೆಂಗಳೂರಿನ ಮಾರಾಟಗಾರರಲ್ಲಿ ನನ್ನದೊಂದು ಕೋರಿಕೆಯಿದೆ. ಗಿರಾಕಿಗಳಿಲ್ಲವೆಂದು ಕೊರಗುವ ಬದಲು ಒಂದು ಭಾನುವಾರ ತುಮಕೂರಿಗೆ ಬನ್ನಿ. ಸಜ್ಜುಗೊಳಿಸಿದ ಸಭಾಂಗಣ ಬೇಡ. ಹನ್ನೆರಡಡಿಯ, ಟೈಲ್ಸ್ ಹಾಸಿದ ಒಂದು ಸಾಧಾರಣ ಕೋಣೆಯನ್ನೇ ಆರಿಸಿಕೊಳ್ಳಿ. ಐವತ್ತು ಸಾವಿರದ ಸೆಟ್ಟನ್ನೂ ಹತ್ತು ಲಕ್ಷದ ಸೆಟ್ಟನ್ನೂ ಪರದೆಯ ಹಿಂದಿಟ್ಟು, ಸದ್ದನ್ನು ಮೀಟರಿನಲ್ಲಿ ಅಳೆದು ಸಮ ಮಾಡಿ, ಕೇಳುಗರು ತಂದ ಹಾಡನ್ನೇ ಹಾಕಿ. ಗುಬ್ಬಿ ವೀರಣ್ಣನವರ ಜಿಲ್ಲೆಯಲ್ಲಿ ಪರದೆಗೆ ಬರವಿಲ್ಲ, ಅದನ್ನು ನಾವೇ ಹೊಂದಿಸುತ್ತೇವೆ. ಪ್ರತಿಯೊಬ್ಬರೂ ತಮಗೆ ಹಿಡಿಸಿದ್ದು ಯಾವುದೆಂದು ಚೀಟಿಯಲ್ಲಿ ಬರೆದುಕೊಡಲಿ, ಅದಾದ ಮೇಲೆ ಬೆಲೆಪಟ್ಟಿ ಹಂಚಿ. ಹತ್ತು ಲಕ್ಷದ್ದೇ ಗೆದ್ದರೆ ಅದನ್ನು ಇದೇ ಅಂಕಣದಲ್ಲಿ ಬರೆದು ತಿಳಿಸಲು ನಾನು ಸಿದ್ಧ.

ಇಂತಿ,
ನಿಮ್ಮ ಪತ್ರಿಕೆಯ ಓದುಗ,
ತುಮಕೂರು