ಬಚ್ಚಲ ಕಿಟಕಿಯ ಗೋಣಿಚೀಲ

ಬೀದರ್
ಭಾನುವಾರ ರಾತ್ರಿ

ಮಗಳೇ,

ನಿನ್ನೆ ನೀನು ಅವ್ವನ ಜೊತೆ ಮಾತಾಡುವಾಗ ಫೋನ್ ಸ್ಪೀಕರಿನಲ್ಲಿತ್ತು. ನಾನು ಪಕ್ಕದಲ್ಲೇ ಶೇಂಗಾ ಸುಲಿಯುತ್ತ ಕೂತಿದ್ದೆ. ‘ದಿನಾ ಸ್ನಾನ ಆದಮ್ಯಾಲ ತಲಿ ನೋಯ್ತದ. ಆಫೀಸಿಗೆ ಹೋಗೂದ್ರಾಗ ಕಮ್ಮಿ ಆಗ್ತದ. ಜೋಡಿ ಇರೋ ಹುಡಿಗಿಗೂ ಹಂಗೇ’ ಅಂದೆ. ‘ತಲಿ ಒರಸ್ಕೊಳ್ದೆ ಹೋಗ್ತಿ, ಅದಕ್ಕ’ ಅಂದಳು ನಿಮ್ಮವ್ವ. ನನ್ನ ಕೈ ಅಲ್ಲೇ ನಿಂತಿತು. ರಾತ್ರಿ ನಾನೇ ಫೋನ್ ಮಾಡಿ, ಗೀಸರ್ ಹಚ್ಚಬೇಡ ಅಂದೆ. ನೀನು ನಕ್ಕುಬಿಟ್ಟೆ. ಅವ್ವ ಎದುರಿಗಿದ್ದಳು, ಹೆಚ್ಚು ಹೇಳಲಾಗಲಿಲ್ಲ. ಅದಕ್ಕೇ ಈ ಪತ್ರ.

ಮೂರು ವರ್ಷದ ಹಿಂದೆ, ನಿನ್ನ ಪರೀಕ್ಷೆ ನಡೆದಿದ್ದಾಗ, ಅವ್ವ ಬಿಪಿ ಏರಿ ಬಚ್ಚಲಲ್ಲಿ ಬಿದ್ದಳು ಅಂತ ಹೇಳಿದ್ದೆವಲ್ಲ? ಅದು ಬಿಪಿ ಅಲ್ಲ. ಗ್ಯಾಸ್ ಗೀಸರ್.

ಆ ದೀಪಾವಳಿಗೆ ತಂದಿದ್ದೆ. ಅಂಗಡಿಯ ಹುಡುಗ ಬಂದು ಬಚ್ಚಲ ಒಳಗೇ ಎರಡು ಮೊಳೆ ಹೊಡೆದ, ಪೈಪ್ ಸಿಕ್ಕಿಸಿದ, ಚಹಾ ಕುಡಿದು ಹೋದ. ಗಾಳಿ ಆಡಬೇಕು ಅಂತ ಒಂದು ಮಾತು ಹೇಳಲಿಲ್ಲ. ನಮ್ಮ ಬಚ್ಚಲಿಗೆ ಇರುವುದು ಒಂದು ಅಡಿಯ ಕಿಟಕಿ. ಡಿಸೆಂಬರ್ ಬಂತು. ಬೀದರಿನ ಚಳಿ ನಿನಗೆ ಗೊತ್ತೇ ಇದೆ, ಕಲಬುರಗಿಯವರು ನಮ್ಮ ಮನೆಗೆ ಬಂದರೆ ಎರಡು ಚಾದರ ಕೇಳುತ್ತಾರೆ. ಸ್ನಾನಕ್ಕೆ ಕೂತರೆ ಗಾಳಿ ಕೊರೆಯುತ್ತದೆ ಅಂದಳು ನಿಮ್ಮವ್ವ. ನಾನು ಒಂದು ಗೋಣಿಚೀಲ ಮಡಚಿ ಆ ಕಿಟಕಿಗೆ ಬಿಗಿಯಾಗಿ ತುರುಕಿದೆ. ಹೌದು, ನಾನೇ. ಚಿಕ್ಕವಳಿದ್ದಾಗ ನಿನ್ನನ್ನು ನೌಬಾದಿನ ಕರೇಜ್ ತೋರಿಸಲು ಕರೆದುಕೊಂಡು ಹೋಗಿದ್ದೆ, ನೆನಪಿದೆಯಾ? ನೆಲದಡಿ ನೀರಿನ ಸುರಂಗ ತೋಡಿದ ಆ ಹಿಂದಿನ ಕಾಲದವರು ಅಲ್ಲಲ್ಲಿ ಮೇಲಕ್ಕೆ ಬಾವಿಯ ಹಾಗೆ ಬಾಯಿ ಬಿಟ್ಟಿದ್ದಾರೆ. ಅದನ್ನು ನಿನಗೆ ವಿವರಿಸಿ ಹೇಳಿದ ಮನುಷ್ಯ ಮನೆಯ ಕಿಟಕಿ ಮುಚ್ಚಿದ.

ಅವತ್ತು ಅವಳು ತಲೆಗೆ ಸ್ನಾನ ಮಾಡುತ್ತಿದ್ದಳು. ಗೀಸರ್ ಇಪ್ಪತ್ತು ನಿಮಿಷ ಉರಿದಿರಬೇಕು. ಚಂಬು ಬಿದ್ದ ಸದ್ದು ಕೇಳಿತು. ಕೂಗಿದೆ, ಉತ್ತರ ಇಲ್ಲ. ನೀರು ಮಾತ್ರ ಒಂದೇ ಸಮನೆ ಬೀಳುತ್ತಿತ್ತು. ಚಿಲಕ ಮುರಿಯುವ ಹಾಗೆ ಬಾಗಿಲು ದೂಡಿದೆ. ಗೋಡೆಗೆ ಒರಗಿ ಕೂತಿದ್ದಳು, ಕಣ್ಣು ಅರ್ಧ ತೆರೆದಿತ್ತು, ಗುರುತು ಹಿಡಿಯಲಿಲ್ಲ. ಸೀರೆ ಸುತ್ತಿ ಅಂಗಳಕ್ಕೆ ಎತ್ತಿ ತಂದೆ. ಸ್ವಲ್ಪ ಹೊತ್ತಿಗೆ ವಾಂತಿ ಆಯಿತು. ಆಮೇಲೆ ಕೇಳಿದಳು: ‘ಅನ್ನಕ್ಕ ಇಟ್ಟೀನೇನ್ರಿ?’

ಆಸ್ಪತ್ರೆಯಲ್ಲಿ ಬೆರಳಿಗೆ ಕ್ಲಿಪ್ ಹಾಕಿದರು. 98 ತೋರಿಸಿತು. ಆಕ್ಸಿಜನ್ ಸರಿ ಇದೆ, ನಿಶ್ಶಕ್ತಿ ಅಂದರು. ಒಂದು ಸಲೈನ್ ಹಾಕಿ ಸಂಜೆ ಮನೆಗೆ ಕಳಿಸಿದರು. ವಾರ ಕಳೆದರೂ ತಲೆನೋವು ಬಿಡಲಿಲ್ಲ ಅಂತ ಬೇರೆ ಡಾಕ್ಟರ ಹತ್ತಿರ ಹೋದೆವು. ಅವರು ಕೇಳಿದ ಮೊದಲ ಪ್ರಶ್ನೆಯೇ, ‘ಬಚ್ಚಲಲ್ಲಿ ಗೀಸರ್ ಯಾವುದು?’

ಅವರು ತಿಳಿಸಿ ಹೇಳಿದ್ದು ಇಷ್ಟು. ಗ್ಯಾಸ್ ಉರಿಯಲು ಗಾಳಿ ಬೇಕು. ಸಣ್ಣ ಕೋಣೆಯಲ್ಲಿ ಗಾಳಿ ಕಮ್ಮಿ ಬಿದ್ದರೆ ಅದು ಅರ್ಧಂಬರ್ಧ ಉರಿಯುತ್ತದೆ, ಆಗ ಹುಟ್ಟುವುದು ಕಾರ್ಬನ್ ಮೊನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ಸಿಲಿಂಡರ್ ಸೋರಿದರೆ ಮೂಗಿಗೆ ಬಡಿಯುತ್ತದಲ್ಲ, ಅದು ಬೇರೆ, ಇದು ಬೇರೆ. ನಮ್ಮ ರಕ್ತ ಆಕ್ಸಿಜನ್ ಹಿಡಿಯುವುದಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಇದನ್ನು ಹಿಡಿಯುತ್ತದೆ. ಆ ಬೆರಳಿನ ಕ್ಲಿಪ್ಪಿಗೆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ವಿಷ ತುಂಬಿದ ರಕ್ತಕ್ಕೂ 98 ಅಂತಲೇ ತೋರಿಸುತ್ತದೆ. ತಲೆನೋವು, ತಲೆಸುತ್ತು, ಹೊಟ್ಟೆ ತೊಳಸುವುದು, ಕಾಲಲ್ಲಿ ಬಲ ಇಲ್ಲದಿರುವುದು. ಹೊರಗೆ ಬಂದರೆ ಕಮ್ಮಿ ಆಗುತ್ತದೆ. ಒಂದೇ ಮನೆಯ ಇಬ್ಬರಿಗೆ ಒಂದೇ ಹೊತ್ತಿಗೆ ಹೀಗಾದರೆ ಮೊದಲು ಇದನ್ನೇ ಅನುಮಾನಿಸಬೇಕಂತೆ. ನೀನು ನಿನ್ನೆ ಹೇಳಿದ್ದು ಇದೇ ಅಲ್ವಾ? ನಿಮ್ಮ ಬಚ್ಚಲಲ್ಲಿರುವುದೂ ಗ್ಯಾಸ್ ಗೀಸರೇ.

ನಮ್ಮ ಆಯಿ ಮಲಗುವ ಕೋಣೆಗೆ ಕೆಂಡದ ಸಿಗಡಿ ತರಲು ಬಿಡುತ್ತಿರಲಿಲ್ಲ. ದೆವ್ವ ಕುತ್ತಿಗೆ ಹಿಚುಕುತ್ತದೆ ಅನ್ನುತ್ತಿದ್ದಳು. ನಾವು ನಗುತ್ತಿದ್ದೆವು.

ಈಗ ನನ್ನ ಎರಡನೇ ತಪ್ಪು. ಸಿಟ್ಟು ಬಂದು ಗೀಸರ್ ಮಾರಿದ ಅಂಗಡಿಗೆ ಹೋದೆ. ‘ಬಿಲ್ ಎಲ್ಲಿದೆ?’ ಅಂದ. ಜಿಎಸ್‌ಟಿ ಉಳಿಯುತ್ತದೆ ಅಂತ ಬಿಲ್ ತಗೊಂಡಿರಲಿಲ್ಲ. ‘ಚೆಕ್ ಮಾಡಿಸ್ತೀವಿ ಅಂಕಲ್’ ಅಂತ ಗೀಸರ್ ಬಿಚ್ಚಿಕೊಂಡು ಹೋದರು. ವಾರದ ಮೇಲೆ ಬೇರೊಂದು ಕೊಟ್ಟರು. ಹಳೆಯದು ಎಲ್ಲಿ ಹೋಯಿತೋ! ಬದಲಿ ಸಿಕ್ಕಿತಲ್ಲ ಅಂತ ನಾನೂ ಸುಮ್ನೆ ಬಂದೆ. ಜೀವ ಉಳಿತಲ್ಲ, ಕೋರ್ಟು ಕಚೇರಿ ಯಾಕೆ ಅಂದಳು ನಿಮ್ಮವ್ವ.

ಹೋದ ತಿಂಗಳು ಹೊಲದ ಕೆಲಸಕ್ಕೆ ಕೋರ್ಟಿಗೆ ಹೋದಾಗ ಪರಿಚಯದ ವಕೀಲರಿಗೆ ಇದನ್ನು ಹೇಳಿದೆ. ಅವರು ಹಣೆ ಚಚ್ಚಿಕೊಂಡರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ವಸ್ತುವಿನ ದೋಷದಿಂದ ಮೈಗೆ ಪೆಟ್ಟಾದರೆ ಪರಿಹಾರ ಕೇಳಬಹುದಂತೆ. ವಸ್ತು ಕೆಟ್ಟದ್ದೇ ಆಗಿರಬೇಕಿಲ್ಲ. ಹೇಗೆ ಬಳಸಬೇಕು, ಅಪಾಯ ಏನು ಅಂತ ಸರಿಯಾಗಿ ತಿಳಿಸದಿದ್ದರೂ ಹೊಣೆ ಬರುತ್ತದೆ. ಕೂಡಿಸಿದ ಕೆಲಸ ಕೆಟ್ಟಿದ್ದರೂ ಬರುತ್ತದೆ. ದುಡ್ಡು ಕೊಟ್ಟು ಕೊಂಡವನೇ ಆಗಬೇಕಿಲ್ಲ, ಅವನ ಒಪ್ಪಿಗೆಯಿಂದ ಬಳಸುವವರೂ ಗ್ರಾಹಕರೇ. ನಾವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕೊಂಡ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಆದರೆ 2 ವರ್ಷದೊಳಗೆ ಕೊಡಬೇಕು. ತಡವಾದರೆ ಸರಿಯಾದ ಕಾರಣ ತೋರಿಸಬೇಕು. ನನ್ನ ಹತ್ತಿರ ಯಾವ ಕಾರಣ ಇದೆ?

‘ದಿನ ಹೋದದ್ದು ಒಂದು ಕಡೆ ಇರಲಿ, ಸಾಕ್ಷಿ ಏನಿದೆ?’ ಅಂತ ಕೇಳಿದರು. ಈ ಮಾತು ಗಮನವಿಟ್ಟು ಓದು. ಈ ವಿಷ ಉಸಿರಿನಲ್ಲೇ ಹೊರಗೆ ಹೋಗಿಬಿಡುತ್ತದೆ. ಹೊರಗಿನ ಗಾಳಿಯಲ್ಲಿ ನಾಲ್ಕೈದು ಗಂಟೆಗೆ ರಕ್ತದಲ್ಲಿ ಅರ್ಧ ಇಳಿಯುತ್ತದೆ. ಮಾಸ್ಕಿನಲ್ಲಿ ಪೂರ್ತಿ ಆಕ್ಸಿಜನ್ ಕೊಟ್ಟರೆ ಒಂದು, ಒಂದೂವರೆ ಗಂಟೆ ಸಾಕು. ಜೀವಕ್ಕೆ ಅದು ಒಳ್ಳೆಯದೇ. ಆದರೆ ಆದಷ್ಟು ಬೇಗ ರಕ್ತ ತೆಗೆದು ಪರೀಕ್ಷೆ ಮಾಡದಿದ್ದರೆ ಕಾಗದದ ಮೇಲೆ ಏನೂ ಉಳಿಯುವುದಿಲ್ಲ. ನಮ್ಮ ಡಿಸ್ಚಾರ್ಜ್ ಕಾಗದದಲ್ಲಿ ‘ನಿಶ್ಶಕ್ತಿ’ ಅಂತ ಇದೆ. ಬಿಲ್ ಇಲ್ಲ, ಗೀಸರ್ ಇಲ್ಲ, ಒಂದು ಫೋಟೋ ಇಲ್ಲ. ಇರುವುದು ನಾನು ತುರುಕಿದ ಗೋಣಿಚೀಲ. ವಸ್ತುವನ್ನು ತಪ್ಪಾಗಿ ಬಳಸಿದ್ದರೆ ಮಾರಿದವನ ಮೇಲೆ ಹೊಣೆ ಬರದು ಅಂತಲೂ ಅದೇ ಕಾಯ್ದೆಯಲ್ಲಿದೆಯಂತೆ. ಎದುರು ವಕೀಲ ಮೊದಲು ಅದನ್ನೇ ಹಿಡಿಯುತ್ತಿದ್ದ.

ನಿನಗೆ ಹಾಗಾಗದಿರಲಿ. ಆದರೂ ಅಕಸ್ಮಾತ್ ಆದರೆ ಮೊದಲು ಇಬ್ಬರೂ ಹೊರಗೆ ಬನ್ನಿ, 108ಕ್ಕೆ ಫೋನ್ ಮಾಡಿ. ಡಾಕ್ಟರಿಗೆ ಕ್ಲಿಪ್ ನಂಬಬೇಡಿ, ಗ್ಯಾಸ್ ಗೀಸರ್ ಇತ್ತು, ರಕ್ತದಲ್ಲಿ ಕಾರ್ಬನ್ ಮೊನಾಕ್ಸೈಡ್ ನೋಡಿ ಅಂತ ಬಾಯಿಬಿಟ್ಟು ಹೇಳು. ಎಂಎಲ್‌ಸಿ ಬರೆಸು, ಅಂದರೆ ಪೊಲೀಸರಿಗೂ ತಿಳಿಸುವ ಆಸ್ಪತ್ರೆಯ ದಾಖಲೆ. ಗೀಸರನ್ನು ಯಾರಿಗೂ ಬಿಚ್ಚಲು ಬಿಡಬೇಡ. ಬೇರೆಯವರ ನಿರ್ಲಕ್ಷ್ಯದಿಂದ ಜೀವಕ್ಕೆ ಅಪಾಯ ಆದರೆ ಪೊಲೀಸ್ ದೂರಿಗೂ ದಾರಿ ಇದೆ, ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಂ. ವಕೀಲರ ಫೀಸಿನ ಚಿಂತೆ ಬೇಡ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಕಾನೂನು ನೆರವು ಉಚಿತ, 15100ಕ್ಕೆ ಫೋನ್ ಮಾಡಿದರೆ ಆಯಿತು. ಗ್ರಾಹಕ ಸಹಾಯವಾಣಿ 1915.

ಇದೆಲ್ಲಕ್ಕಿಂತ ಮುಂಚೆ ಮನೆ ಮಾಲೀಕರಿಗೆ ಇವತ್ತೇ ವಾಟ್ಸಾಪಿನಲ್ಲಿ ಬರೆದು ಹಾಕು, ಬಾಯಿಮಾತು ಬೇಡ. ಗೀಸರ್ ಹೊರಗೆ ಹಾಕಿಸಲಿ, ಇಲ್ಲವೇ ಕರೆಂಟಿನದು ಕೂಡಿಸಲಿ. ಅಲ್ಲಿಯವರೆಗೆ ಒಲೆ ಮೇಲೆ ನೀರು ಕಾಯಿಸಿಕೊಳ್ಳಿ. ಕೆಲಸ ಜಾಸ್ತಿ, ಗೊತ್ತು.

ಅವ್ವ ಇತ್ತೀಚೆಗೆ ಎರಡು ಸಲ ಉಪ್ಪು ಹಾಕುತ್ತಾಳೆ, ಹೇಳಿದ್ದನ್ನೇ ಹೇಳುತ್ತಾಳೆ ಅಂತ ನೀನು ಛೇಡಿಸುತ್ತೀಯಲ್ಲ. ಆ ಘಟನೆ ಆಗಿ ತಿಂಗಳೊಳಗೇ ಇದು ಶುರುವಾಯಿತು. ಈ ವಿಷದಿಂದ ವಾರಗಳ ಮೇಲೆ ಹೀಗಾಗುವುದುಂಟು ಅಂದರು ಡಾಕ್ಟರು, ಇದರಿಂದಲೇ ಅಂತ ಖಾತ್ರಿಯಾಗಿ ಹೇಳಲಿಲ್ಲ. ಎಳ್ಳಮಾವಾಸ್ಯೆಗೆ ಬಂದಾಗ ಭಜ್ಜಿಗೆ ಉಪ್ಪು ಜಾಸ್ತಿಯಾದರೆ ನಗಬೇಡ. ಅವಳಿಗೆ ಈ ಪತ್ರ ಬರೆದದ್ದು ಗೊತ್ತಿಲ್ಲ.

ನಿನ್ನ ಬಚ್ಚಲ ಕಿಟಕಿಯ ಫೋಟೋ ತೆಗೆದು ಕಳಿಸು. ಸ್ನಾನಕ್ಕೆ ಹೋಗುವ ಮುಂಚೆ.

ನಿನ್ನ
ಅಪ್ಪ