ಮೂರು ಬೆಲ್

ಈ ಸಲದ ಪಿಕ್ನಿಕ್ ಎಲ್ಲಿ ಅಂತ ನಮ್ಮ ಸಂಘದ ಕಮಿಟಿಯಲ್ಲಿ ಮಾತು ಬಂದಾಗ ಯಾರೋ "ಗಣಿ ನೋಡೋಕೆ ಹೋಗೋಣ" ಅಂದರು. ಯಾರೂ ಉತ್ತರ ಕೊಡಲಿಲ್ಲ. ಪಿಕ್ನಿಕ್ ಅಂದರೆ ನಮಗೆ ಒಂದು ಕೆರೆ, ನಾಲ್ಕು ಮರ, ನೆರಳಲ್ಲಿ ಉದ್ದನೆ ಟೇಬಲ್, ಅದರ ಮೇಲೆ ಬಿಸಿಬೇಳೆಬಾತಿನ ಪಾತ್ರೆ. ಮಕ್ಕಳಿಗೆ ಲಗೋರಿ, ದೊಡ್ಡವರಿಗೆ ಹಗ್ಗಜಗ್ಗಾಟ, ಕೊನೆಗೆ ಕಲ್ಲಂಗಡಿ. ಗಣಿಗೆ ಹೋಗಿ ಏನು ಮಾಡೋದು?

ಹಾಗೆ ಕೇಳಿದವರಲ್ಲಿ ನಾನೂ ಒಬ್ಬಳು. ಆಮೇಲೆ ಮೇ ತಿಂಗಳಲ್ಲಿ ಮೂರು ಮನೆಯವರು ಸೇರಿ, ಸುಮ್ನೆ ಜಾಗ ನೋಡಿ ಬರೋಣ ಅಂತ ಕ್ಯಾಲಿಫೋರ್ನಿಯಾದ ಗ್ರಾಸ್ ವ್ಯಾಲಿ ಅನ್ನುವ ಊರಿಗೆ ಹೋದೆವು. ವಾಪಸ್ ಬರುವಾಗ ಕಾರಿನಲ್ಲೇ ತೀರ್ಮಾನವಾಯಿತು. ಪಿಕ್ನಿಕ್ ಎಂಪೈರ್ ಮೈನ್ ಸ್ಟೇಟ್ ಹಿಸ್ಟಾರಿಕ್ ಪಾರ್ಕಿನಲ್ಲಿ, ಅಂದರೆ ಹಳೆಯ ಚಿನ್ನದ ಗಣಿಯೊಂದರ ಜಾಗದಲ್ಲಿ.

ಸ್ಯಾಕ್ರಮೆಂಟೊ ದಾಟಿ ಈಶಾನ್ಯಕ್ಕೆ ಒಂದು ಗಂಟೆಯ ದಾರಿ. ಬೇ ಏರಿಯಾದವರು ಮೂರು ಗಂಟೆ ಇಟ್ಟುಕೊಳ್ಳಿ. ಸಿಯೆರಾ ನೆವಾಡಾ ಬೆಟ್ಟಗಳು ಶುರುವಾಗುವ ಜಾಗ ಅದು. 800 ಎಕರೆಗೂ ಜಾಸ್ತಿ ಕಾಡು. ಪೈನ್, ಓಕ್, ಕೆಂಪು ತೊಗಟೆಯ ಮ್ಯಾಂಜನೀಟ ಪೊದೆಗಳು. ಮಣ್ಣು ಕೂಡ ಕೆಂಪೇ. ಹತ್ತು ಮೈಲಿಗೂ ಮೀರಿ ಟ್ರೇಲ್‌ಗಳಿವೆ. ನಡೆಯಬಹುದು, ಸೈಕಲ್ ಹೊಡೆಯಬಹುದು, ಕುದುರೆ ಇದ್ದವರು ಕುದುರೆಯನ್ನೂ ತರಬಹುದು. (ನಮ್ಮ ಸಂಘದಲ್ಲಿ ಯಾರ ಹತ್ತಿರವಾದರೂ ಕುದುರೆ ಇದ್ದರೆ ದಯವಿಟ್ಟು ತಿಳಿಸಿ, ಮುಖಪುಟದಲ್ಲಿ ಫೋಟೊ ಹಾಕುತ್ತೇವೆ.) ಹಾರ್ಡ್‌ರಾಕ್ ಟ್ರೇಲ್‌ನಲ್ಲಿ ಹೋದರೆ ಮರಗಳ ನಡುವೆ ಹಳೆಯ ಗಣಿಗಳ ಗುರುತು, ಕಲ್ಲಿನ ರಾಶಿ, ಕಾಂಕ್ರೀಟ್ ಪಾಯ ಸಿಗುತ್ತವೆ. ಸುತ್ತ ಪಕ್ಷಿಗಳ ದನಿ ಬಿಟ್ಟರೆ ಬೇರೆ ಸದ್ದಿಲ್ಲ.

ಒಂದು ಕಾಲದಲ್ಲಿ ಇಲ್ಲಿ ಮಾತಾಡಿದ್ದು ಕೇಳಿಸುತ್ತಿರಲಿಲ್ಲವಂತೆ. ಅದಿರು ಕುಟ್ಟುವ ಸ್ಟ್ಯಾಂಪ್ ಮಿಲ್ ಹಗಲು ರಾತ್ರಿ ಬಡಿಯುತ್ತಿತ್ತು. ಒನಕೆ ಇದ್ದ ಹಾಗೆ, ಆದರೆ ಕಬ್ಬಿಣದ್ದು. ಅಂಥ ಎಂಬತ್ತು ಒನಕೆಗಳು ಒಟ್ಟಿಗೆ ಏಳುವುದು, ಬೀಳುವುದು. ಬೆಣಚುಕಲ್ಲು ಪುಡಿಯಾಗಬೇಕು, ಪುಡಿಯಿಂದ ಚಿನ್ನ ಬೇರೆಯಾಗಬೇಕು. ಮೊದಮೊದಲು ಪಾದರಸ ಹಾಕಿ ಬೇರೆ ಮಾಡುತ್ತಿದ್ದರು, 1910ರ ಹೊತ್ತಿಗೆ ಸೈನೈಡ್ ಬಂತು.

1850ರಲ್ಲಿ ಇಲ್ಲಿ ಚಿನ್ನ ಕಂಡಿತು. 1956ರಲ್ಲಿ ಗಣಿ ಮುಚ್ಚಿತು. ಈ ನೂರ ಆರು ವರ್ಷದಲ್ಲಿ ತೆಗೆದದ್ದು 58 ಲಕ್ಷ ಔನ್ಸ್, ಅಂದರೆ ಸುಮಾರು 180 ಟನ್ ಚಿನ್ನ. ನೆಲದಡಿಯ ಸುರಂಗಗಳ ಒಟ್ಟು ಉದ್ದ 367 ಮೈಲಿ. ಬೆಂಗಳೂರಿನಿಂದ ಬೆಳಗಾವಿಗೆ ಹೋಗಿ ಇನ್ನೂ ಮಿಗುತ್ತದೆ.

ಇಷ್ಟೆಲ್ಲ ಬೋರ್ಡ್ ಓದಿಯೂ ತಿಳಿಯುತ್ತದೆ. ನನಗೆ ಆ ದಿನ ಬೇರೆ ಗೈಡ್ ಸಿಕ್ಕಿದ್ದರು. ನಮ್ಮ ಜೊತೆ ಬಂದಿದ್ದ ಗೆಳತಿಯ ಮಾವನವರು ಕೆಜಿಎಫ್‌ನವರು. ಚಾಂಪಿಯನ್ ರೀಫ್ ಗಣಿಯಲ್ಲಿ ಜನರನ್ನೂ ಕಲ್ಲನ್ನೂ ಇಳಿಸಿ ಎತ್ತುವ ವೈಂಡಿಂಗ್ ಇಂಜಿನ್ ರೂಮಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಕೆಲಸ ಮಾಡಿದವರು. ಆರು ತಿಂಗಳಿಗೆ ಅಂತ ಮಗನ ಮನೆಗೆ ಬಂದಿದ್ದರು. ದಾರಿಯುದ್ದಕ್ಕೂ ಹೆಚ್ಚು ಮಾತಾಡಲಿಲ್ಲ. ಮಗ ಗೋಲ್ಡನ್ ಗೇಟ್ ತೋರಿಸಿದಾಗಲೂ "ಚೆನ್ನಾಗಿದೆ" ಅಂದು ಸುಮ್ಮನಾಗಿದ್ದರಂತೆ.

ಇಲ್ಲಿ ಮುಖ್ಯ ಶಾಫ್ಟಿನ, ಅಂದರೆ ಗಣಿಯೊಳಕ್ಕೆ ಇಳಿಯುವ ದಾರಿಯ, ಬಾಯಿಗೆ ಕೆಲವು ಮೆಟ್ಟಿಲು ಇಳಿದು ಹೋಗಬಹುದು. ಕಂಬಿಯ ಹಿಂದೆ ನಿಂತು ಬಗ್ಗಿ ನೋಡಿದರೆ ದೀಪ ಬಿದ್ದಷ್ಟು ದೂರ ಹಳಿ ಕಾಣುತ್ತದೆ, ಆಮೇಲೆ ಕತ್ತಲು. ಒಳಗಿಂದ ತಣ್ಣನೆ ಗಾಳಿ, ಒದ್ದೆ ಕಲ್ಲಿನ ವಾಸನೆ. ಮಕ್ಕಳು ಕೂಗಿ ಪ್ರತಿಧ್ವನಿ ಕೇಳುತ್ತಿದ್ದವು. ಮಾವನವರು ಮಾತ್ರ ಕಂಬಿ ಹಿಡಿದು ಹತ್ತು ನಿಮಿಷ ಅಲುಗಲಿಲ್ಲ.

"ಇದು ಬಾವಿ ಅಲ್ಲಮ್ಮ, ಇಳಿಜಾರು" ಅಂದರು ನನಗೆ. "ನಮ್ಮ ಗಿಫರ್ಡ್ ಶಾಫ್ಟ್ ನೆಟ್ಟಗೆ ಬಾವಿ. ಅಲ್ಲಿ ಕೇಜು. ಇಲ್ಲಿ ಬಂಡಿ ಇರಬೇಕು."

ಹೌದು, ಬಂಡಿಯೇ. ಮ್ಯಾನ್ ಸ್ಕಿಪ್ ಅಂತಾರೆ. ಮೆಟ್ಟಿಲು ಮೆಟ್ಟಿಲಾದ ಸೀಟುಗಳ ಮೇಲೆ ಒಬ್ಬರ ಹಿಂದೊಬ್ಬರು ಕೂತು ಇಳಿಯುತ್ತಿದ್ದರು. ಇಳಿಜಾರಿನ ಉದ್ದ 11,007 ಅಡಿ. ನೇರ ಆಳ ಲೆಕ್ಕ ಹಾಕಿದರೆ ಸುಮಾರು ಒಂದು ಮೈಲಿ.

"ಒಂದೇ ಮೈಲಿಯಾ?" ಅಂದರು. ಸ್ವಲ್ಪ ಹೆಮ್ಮೆ ಇತ್ತು ಆ ದನಿಯಲ್ಲಿ. ಇರಬೇಕಾದ್ದೇ. ಚಾಂಪಿಯನ್ ರೀಫ್ ಎರಡು ಮೈಲಿ ಆಳ ಹೋಗಿತ್ತು, 3.2 ಕಿಲೋಮೀಟರ್. ಜಗತ್ತಿನ ಅತಿ ಆಳದ ಗಣಿಗಳಲ್ಲಿ ಅದೂ ಒಂದು.

ಆಮೇಲೆ ಅವರೇ ಬೆಲ್‌ನ ಲೆಕ್ಕ ಹೇಳಿದರು. ಕೆಳಗೆ ಎಲ್ಲೋ ಕತ್ತಲಲ್ಲಿರುವವನು ಮೇಲೆ ಇಂಜಿನ್ ರೂಮಿನಲ್ಲಿ ಕೂತವನ ಜೊತೆ ಮಾತಾಡುವುದು ಬೆಲ್‌ನಲ್ಲೇ. ಒಂದು ಬೆಲ್ ಅಂದರೆ ನಿಲ್ಲಿಸು. ಎರಡು ಅಂದರೆ ಇಳಿಸು. ಮೂರು ಬೆಲ್ ಅಂದರೆ ಕೇಜಿನಲ್ಲಿ ಮನುಷ್ಯರಿದ್ದಾರೆ. "ಮೂರು ಬೆಲ್ ಕೇಳಿದ ಮೇಲೆ ಕೈಯೇ ಬೇರೆ ಆಗ್ತಿತ್ತು. ಕಲ್ಲು ಎತ್ತೋ ಕೈ ಬೇರೆ, ಜನರನ್ನ ಎತ್ತೋ ಕೈ ಬೇರೆ" ಅಂತ ಕಂಬಿಯ ಮೇಲೆ ಬಲಗೈ ಇಟ್ಟು, ಇಲ್ಲದ ಲಿವರನ್ನು ನಿಧಾನಕ್ಕೆ ಎಳೆದು ತೋರಿಸಿದರು. ಮಗ ಆ ಕತೆಯನ್ನು ಅವತ್ತೇ ಮೊದಲು ಕೇಳಿದ್ದು.

ಎರಡೂ ಗಣಿಗಳ ನಡುವೆ ನಂಟು ಇದೆ. ನಾನಾಗಿ ಹೊಸೆದದ್ದಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್ ಅನ್ನುವ ಮೂಲೆಯಲ್ಲಿ ತವರ, ತಾಮ್ರದ ಗಣಿಗಳು ಸೊರಗಿದಾಗ ಅಲ್ಲಿನ ಗಣಿಗಾರರು ಜಗತ್ತೆಲ್ಲ ಚದುರಿದರು. ಒಂದು ದೊಡ್ಡ ಗುಂಪು ಗ್ರಾಸ್ ವ್ಯಾಲಿಗೆ ಬಂತು. ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರ ದಶಕದಲ್ಲಿ ಕೋಲಾರದ ಗಣಿಗಳ ಉಸ್ತುವಾರಿ ಹಿಡಿದಾಗ ಇನ್ನಷ್ಟು ಜನ ಅಲ್ಲಿಗೆ ಹೋದರು. ಇಲ್ಲಿ ಅವರಿಗೆ 'ಕಸಿನ್ ಜಾಕ್' ಅಂತ ಅಡ್ಡಹೆಸರು. ಕೆಲಸ ಖಾಲಿ ಇದೆ ಅಂದರೆ ಸಾಕು, "ಊರಲ್ಲಿ ನನ್ನ ಕಸಿನ್ ಜಾಕ್ ಇದಾನೆ, ಕರೆಸಲಾ?" ಅಂತಿದ್ದರಂತೆ. ಓದುತ್ತಿರುವ ಅರ್ಧ ಜನ ನಗುತ್ತಿರಬೇಕು. ನಾವೂ ಈ ದೇಶಕ್ಕೆ ಬಂದಿದ್ದು ಹೀಗೇ ಅಲ್ವಾ?

ಕಾರ್ನ್‌ವಾಲಿನವರು ತಂದ ತಿಂಡಿ ಈಗಲೂ ಊರಿನ ಅಂಗಡಿಗಳಲ್ಲಿ ಸಿಗುತ್ತದೆ. ಪ್ಯಾಸ್ಟಿ. ನೋಡೋಕೆ ಅಂಗೈ ಮೀರುವ ಕರ್ಜಿಕಾಯಿ. ಅಂಚನ್ನು ಅದೇ ರೀತಿ ಮಡಚಿ ಮಡಚಿ ಒತ್ತಿರುತ್ತಾರೆ. ಎಣ್ಣೆಯಲ್ಲಿ ಕರಿಯುವುದಿಲ್ಲ, ಬೇಯಿಸುವುದು ಓವನ್ನಿನಲ್ಲಿ. ಒಳಗೆ ಮಾಂಸ, ಆಲೂಗಡ್ಡೆ, ಈರುಳ್ಳಿ. ತರಕಾರಿಯದೂ ಇದೆ. ಗಣಿಯ ಕೊಳಕು ಕೈಯಲ್ಲಿ ಅಂಚು ಹಿಡಿದು ತಿಂದು, ಆ ಅಂಚನ್ನು ಎಸೆಯುತ್ತಿದ್ದರು ಅಂತ ಅಂಗಡಿಯವರು ಕತೆ ಹೇಳುತ್ತಾರೆ. ನಮ್ಮ ಜೊತೆಗಿದ್ದ ಕೆಜಿಎಫ್ ಹಿರಿಯರು ಅಂಚನ್ನೂ ಬಿಡದೆ ತಿಂದರು.

ಇನ್ನು ಗಣಿಯ ಯಜಮಾನನ ಸಮಾಚಾರ. ವಿಲಿಯಂ ಬೋರ್ನ್. ಪಾರ್ಕಿನ ಮುಂಭಾಗದಲ್ಲೇ ಅವರ 'ಕಾಟೇಜ್' ಇದೆ. ಹೆಸರಿಗೆ ಕಾಟೇಜ್, ಇರುವುದು ಬಂಗಲೆ. 1897ರದು. ಗೋಡೆ ಕಟ್ಟಿದ್ದು ಗಣಿಯಿಂದ ಬಂದ ಕಸದ ಕಲ್ಲಿನಿಂದ, ಒಳಗೆ ರೆಡ್‌ವುಡ್ ಹಲಗೆ, ಹೊರಗೆ ಹುಲ್ಲುಹಾಸು, ಕಾರಂಜಿ, ಗುಲಾಬಿ ತೋಟ. ಇದನ್ನು ಕಟ್ಟಿದ ವಿಲ್ಲಿಸ್ ಪೋಕ್ ಅನ್ನುವ ವಾಸ್ತುಶಿಲ್ಪಿಯೇ ಆಮೇಲೆ ವುಡ್‌ಸೈಡ್‌ನಲ್ಲಿ ಬೋರ್ನ್‌ಗೆ ಇನ್ನೊಂದು ಮನೆ ಕಟ್ಟಿಕೊಟ್ಟರು. ಅದೇ ಫಿಲೋಲಿ. ಕ್ರಿಸ್‌ಮಸ್ ದೀಪ ನೋಡೋಕೆ ಟಿಕೆಟ್ ತಗೊಂಡು ಹೋಗಿ, ರೇಷ್ಮೆ ಸೀರೆ ಉಟ್ಟು ಫೋಟೊ ತೆಗೆಸಿಕೊಳ್ಳುತ್ತೇವಲ್ಲ, ಆ ಮನೆ. ಅದರ ಹಿಂದಿನ ದುಡ್ಡಿನಲ್ಲಿ ಈ ಗಣಿಯ ಪಾಲೂ ಇದೆ.

ಗುಲಾಬಿ ತೋಟ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಯಜಮಾನನ ಊಟದ ಮನೆಯ ಬಗ್ಗೆ ತಿಳಿದಷ್ಟು, ಕೆಳಗೆ ಕಲ್ಲು ಒಡೆದವನ ಮನೆಯ ಬಗ್ಗೆ ನನಗೆ ತಿಳಿಯಲಿಲ್ಲ. 1869ರಲ್ಲಿ ಗ್ರಾಸ್ ವ್ಯಾಲಿಯ ಗಣಿಗಾರರು ಮುಷ್ಕರ ಹೂಡಿದ್ದರು. ಹೊಸದಾಗಿ ಡೈನಮೈಟ್ ಬಂದಿತ್ತು. ಅದಕ್ಕೆ ಸಣ್ಣ ತೂತು ಸಾಕು, ಇಬ್ಬರು ಸೇರಿ ಕೊರೆಯುವ ಜಾಗದಲ್ಲಿ ಒಬ್ಬನೇ ಸಾಕು. ಅವರ ಹೊಟ್ಟೆಗೆ ಕುತ್ತು. ಐಟಿಯಲ್ಲಿರುವ ನಮಗೆ ಈ ಕತೆ ಯಾಕೋ ಈಚೆಗೆ ಜಾಸ್ತಿ ಅರ್ಥವಾಗುತ್ತಿದೆ.

ನನಗೆ ಇಷ್ಟವಾಗಿದ್ದು ಇನ್ನೊಂದು ಕೋಣೆ. ನೆಲದಡಿಯ ಸುರಂಗಗಳನ್ನೆಲ್ಲ ತಂತಿ, ಕಡ್ಡಿಗಳಲ್ಲಿ ಅಳತೆಗೆ ಸರಿಯಾಗಿ ಮಾಡಿಟ್ಟ ಮಾದರಿ ಅಲ್ಲಿದೆ. ಕಂಪನಿ ಅದನ್ನು ಗುಟ್ಟಾಗಿ ಇಟ್ಟಿತ್ತು. ಯಾವ ಕಡೆ ಚಿನ್ನದ ಪದರ ಹೋಗುತ್ತಿದೆ ಅಂತ ಹೊರಗಿನವರಿಗೆ ಗೊತ್ತಾಗಬಾರದಲ್ಲ. ತಾವೇ ತೋಡಿದ ಸುರಂಗದ ಚಿತ್ರ ತೋಡಿದವರಿಗೇ ಕಾಣುತ್ತಿರಲಿಲ್ಲ.

ಗಣಿ ಮುಚ್ಚಿದ್ದು ಚಿನ್ನ ಮುಗಿದು ಅಲ್ಲ. 1934ರಿಂದ ಸರ್ಕಾರ ಔನ್ಸಿಗೆ 35 ಡಾಲರ್ ಅಂತ ಬೆಲೆ ಕಟ್ಟಿಬಿಟ್ಟಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಚಿನ್ನ ತೆಗೆಯುವುದನ್ನೇ ನಿಲ್ಲಿಸಿದರು. ಯುದ್ಧ ಮುಗಿದ ಮೇಲೆ ಖರ್ಚು ಏರಿತು, ಬೆಲೆ ಏರಲಿಲ್ಲ, ಕೂಲಿಯ ಜಗಳ ಬಂತು. ಪಂಪು ನಿಲ್ಲಿಸಿದರು, ಸುರಂಗಗಳಿಗೆ ನೀರು ತುಂಬಿತು. 1975ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ 12.5 ಲಕ್ಷ ಡಾಲರ್ ಕೊಟ್ಟು ಮೇಲಿನ ನೆಲ ಕೊಂಡು ಪಾರ್ಕ್ ಮಾಡಿತು. ಕೆಳಗಿನ ಖನಿಜದ ಹಕ್ಕನ್ನು ಆಗ ಗಣಿಯ ಒಡೆತನ ಹೊಂದಿದ್ದ ನ್ಯೂಮಾಂಟ್ ಕಂಪನಿ ತನ್ನ ಬಳಿಯೇ ಇಟ್ಟುಕೊಂಡಿತು.

ಪಾರ್ಕ್ ಆದ ಕೂಡಲೇ ಎಲ್ಲ ಶುದ್ಧವಾಗಲಿಲ್ಲ. ಅದಿರು ಕುಟ್ಟಿ ಉಳಿದ ಪುಡಿಯಲ್ಲಿ ಆರ್ಸೆನಿಕ್, ಸೀಸ ಇದ್ದವು. ಕೆಲವು ಟ್ರೇಲ್‌ಗಳನ್ನು ಮುಚ್ಚಿ ಮಣ್ಣು ಸರಿಮಾಡಬೇಕಾಯಿತು. ಮೆಜೆಂಟಾ ಡ್ರೇನ್ ಅನ್ನುವ ಹಳೆಯ ಸುರಂಗದಿಂದ ಈಗಲೂ ನೀರು ಹರಿದು ಬರುತ್ತದೆ. ಅದನ್ನು ಕೊಳಗಳಲ್ಲಿ ನಿಲ್ಲಿಸಿ, ಜೊಂಡಿನ ನಡುವೆ ಹಾಯಿಸಿ, ಶುದ್ಧ ಮಾಡಿ ಬಿಡುತ್ತಾರೆ. ಗಣಿಗೆ ಬೀಗ ಬಿದ್ದು ಸುಮಾರು ಎಪ್ಪತ್ತು ವರ್ಷವಾದರೂ ಕೆಲಸ ಮುಗಿದಿಲ್ಲ. ಹತ್ತಿರದ ಐಡಾಹೊ-ಮೇರಿಲ್ಯಾಂಡ್ ಗಣಿಯನ್ನು ಮತ್ತೆ ತೆರೆಯಲು ಅರ್ಜಿ ಬಂದಾಗ, 2024ರಲ್ಲಿ ಕೌಂಟಿಯವರು ಒಮ್ಮತದಿಂದ ಬೇಡ ಅಂದರು.

ಎಂಪೈರ್ ಮುಚ್ಚಿದ 1956ರಲ್ಲೇ ಮೈಸೂರು ಸರ್ಕಾರ ಕೆಜಿಎಫ್ ಗಣಿಗಳನ್ನು ವಹಿಸಿಕೊಂಡಿತು. ಕಾಕತಾಳೀಯ, ಅಷ್ಟೆ. 2001ರ ಫೆಬ್ರವರಿ 28ಕ್ಕೆ ಅವೂ ನಿಂತವು. ಅಷ್ಟರಲ್ಲಿ ಬಂದ ಚಿನ್ನ ಸುಮಾರು 800 ಟನ್, ಎಂಪೈರ್‌ನ ನಾಲ್ಕು ಪಟ್ಟಿಗೂ ಮೇಲೆ. ಶಿವನಸಮುದ್ರದ ಕರೆಂಟು 1902ರಲ್ಲಿ ಮೊದಲು ಹೋಗಿದ್ದು ಕೋಲಾರದ ಗಣಿಗೆ. ಬೆಂಗಳೂರಿನ ಬೀದಿ ದೀಪ ಹತ್ತಿದ್ದು 1905ರಲ್ಲಿ. ಈಗ ಅಲ್ಲಿನ ಜನ ಬೆಳಗ್ಗೆ ಕತ್ತಲಿರುವಾಗಲೇ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಬರುತ್ತಾರೆ. ಊರಲ್ಲಿ ಉಳಿದಿರುವುದು ಅದಿರು ಕುಟ್ಟಿ ಉಳಿದ ಪುಡಿಯ ಸೈನೈಡ್ ದಿಬ್ಬಗಳು. ಆ ದಿಬ್ಬಗಳಲ್ಲಿ ಉಳಿದ ಚಿನ್ನ ತೆಗೆಯುವ ಕೇಂದ್ರದ ಯೋಜನೆಗೆ 2024ರಲ್ಲೇ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು.

"ಗಾಳಿ ಬೀಸಿದರೆ ಪುಡಿ ಅನ್ನದ ತಟ್ಟೆಗೆ ಬೀಳುತ್ತೆ" ಅಂದರು ಹಿರಿಯರು, ಗುಲಾಬಿ ತೋಟದ ಬೆಂಚಿನ ಮೇಲೆ ಕೂತು. ಸಿಟ್ಟಿರಲಿಲ್ಲ. "ನಮ್ಮ ಇಂಜಿನ್ ರೂಮನ್ನ ಹಿಂಗೆ ಒರೆಸಿ ಇಟ್ಟಿದ್ರೆ, ನಾನೇ ದಿನಾ ಹೋಗಿ ಜನಕ್ಕೆ ತೋರಿಸ್ತಿದ್ದೆ. ಸಂಬಳ ಬೇಡ."

ಆ ಮಾತು ನನ್ನ ತಲೆಯಿಂದ ಹೋಗಿಲ್ಲ. ಇಲ್ಲಿನ ಪಾರ್ಕ್ ನಡೆಯುತ್ತಿರುವುದೂ ಸಂಬಳವಿಲ್ಲದ ಸ್ವಯಂಸೇವಕರ ಬಲದಿಂದಲೇ. ನಾವು ಹೋದ ದಿನ ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಕಾಯಿಸಿ ಮಕ್ಕಳಿಗೆ ಕೊಕ್ಕೆ ಮಾಡಿಕೊಟ್ಟವರೂ ಅಂಥವರೇ. ಕೋಲಾರದಲ್ಲಿ ತೋರಿಸಬಲ್ಲ ಜನ ಇದ್ದಾರೆ, ತೋರಿಸುವ ಜಾಗ ಇಲ್ಲ. ಅವರಿಗೆ ವಯಸ್ಸಾಗುತ್ತಿದೆ. ಸರ್ಕಾರ ಏನು ಮಾಡಬೇಕು ಅಂತ ಎಂಟು ಸಾವಿರ ಮೈಲಿ ದೂರದಿಂದ ಬುದ್ಧಿ ಹೇಳುವ ಆಸೆ ನನಗಿಲ್ಲ. ನಮ್ಮ ಕೈಲಾಗುವ ಕೆಲಸ ಒಂದಿದೆ. ನಿಮ್ಮ ಅಪ್ಪ, ತಾತ, ಮಾವ, ಪಕ್ಕದ ಮನೆಯವರು ಯಾರಾದರೂ ಕೆಜಿಎಫ್ ಗಣಿಯಲ್ಲಿದ್ದರೆ, ಮುಂದಿನ ಸಲ ಫೋನ್ ಮಾಡಿದಾಗ ಅವರ ಮಾತು ರೆಕಾರ್ಡ್ ಮಾಡಿ ಕಳಿಸಿ. ಕನ್ನಡ, ತಮಿಳು, ತೆಲುಗು, ಯಾವ ಭಾಷೆಯಾದರೂ ಆಗಲಿ. ಬರೆದು ಹಾಕುವ ಹೊಣೆ ನನ್ನದು. ಮೊದಲನೆಯದು, ವೈಂಡಿಂಗ್ ಇಂಜಿನ್ ರೂಮಿನದು, ಮುಂದಿನ ಸಂಚಿಕೆಯಲ್ಲಿ ಬರುತ್ತದೆ.

ಪಿಕ್ನಿಕ್‌ಗೆ ಬರುವವರಿಗೆ ಒಂದೆರಡು ಮಾತು. ಬೇಸಿಗೆಯಲ್ಲಿ ಅಲ್ಲಿ ಬಿಸಿಲು ಜೋರು, ನೀರು ಜಾಸ್ತಿ ತನ್ನಿ. ಟ್ರೇಲ್ ಬಿಟ್ಟು ಪಕ್ಕಕ್ಕೆ ಇಳಿಯಬೇಡಿ, ಮುಟ್ಟಿದರೆ ಮೈ ತುರಿಸುವ ಪಾಯ್ಸನ್ ಓಕ್ ಗಿಡ ಇದೆ, ಹಳೆ ಗಣಿಯ ಮಣ್ಣೂ ಇದೆ. ಬಿಳಿ ಬೂಟು ಬೇಡವೇ ಬೇಡ. ವಾಪಸ್ ಬರುವಾಗ ಸಮಯವಿದ್ದರೆ ಊರಿನೊಳಗಿನ ನಾರ್ತ್ ಸ್ಟಾರ್ ಪವರ್‌ಹೌಸ್ ನೋಡಿ. ನೀರಿನ ರಭಸಕ್ಕೆ ತಿರುಗುವ, ಮೂವತ್ತು ಅಡಿ ವ್ಯಾಸದ ಪೆಲ್ಟನ್ ಚಕ್ರ ಅಲ್ಲಿದೆ. ಆ ಚಕ್ರ ರೂಪ ತಳೆದದ್ದು ಈ ಸೀಮೆಯ ಗಣಿಗಳಿಗಾಗಿಯೇ. ನಮ್ಮ ಶರಾವತಿ ವಿದ್ಯುದಾಗಾರದಲ್ಲಿ ತಿರುಗುವುದೂ ಪೆಲ್ಟನ್ ಟರ್ಬೈನುಗಳೇ.

ಬಿಸಿಬೇಳೆಬಾತ್ ಎಂದಿನಂತೆ ಇರುತ್ತದೆ. ಪ್ಯಾಸ್ಟಿ ಬೇಕಾದವರು ಒಂದು ವಾರ ಮೊದಲೇ ಹೇಳಿ, ತರಕಾರಿಯದು ಎಷ್ಟು, ಮಾಂಸದ್ದು ಎಷ್ಟು ಅಂತ. ಹೂರಣದ್ದು ಸಿಗುವುದಿಲ್ಲ. ಹಿರಿಯರು ಆಗಲೇ ಕೇಳಿ ನೋಡಿದ್ದಾರೆ.