ಕರಾವಳಿಯ ಗೋಡೆಗೆ ಒಪ್ಪುವ ವಾಲ್‌ಪೇಪರ್

ಮಾನ್ಯ ಸಂಪಾದಕರೇ,

ಮಂಗಳೂರು, ಉಡುಪಿಯ ಹೊಸ ಮನೆಗಳಲ್ಲಿ ವಾಲ್‌ಪೇಪರ್ ಅಂಟಿಸುವ ರೂಢಿ ಹೆಚ್ಚುತ್ತಿರುವುದು ಸಂತೋಷದ ವಿಷಯವೇ ಆದರೂ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ನಮ್ಮ ಮಳೆಯನ್ನು ಗಣನೆಗೆ ತೆಗೆದುಕೊಳ್ಳದೆ ನಾಲ್ಕೂ ಗೋಡೆಗಳನ್ನು ಮುಚ್ಚಿಬಿಡುವುದು ಸರಿಯಲ್ಲ. ಮಳೆಗಾಳಿಗೆ ಎದುರಾಗುವ ಪಡುವಣ ದಿಕ್ಕಿನ ಕೆಂಪುಕಲ್ಲಿನ ಗೋಡೆ ತೇವ ಹೀರುತ್ತದೆ. ವಿನೈಲ್ ಹಾಳೆ ಆ ತೇವವನ್ನು ಹೊರಬಿಡದ ಕಾರಣ ಅದರ ಹಿಂದೆ ಬೂಷ್ಟು ಬೆಳೆಯುತ್ತದೆ. ನಮ್ಮ ಮನೆಯಲ್ಲಿ ಎರಡನೆಯ ಮಳೆಗಾಲಕ್ಕೇ ಹಾಳೆಯ ಅಂಚು ಎದ್ದು, ಒಳಗೆ ಕಪ್ಪು ಕಲೆ ಹಬ್ಬಿದ್ದನ್ನು ಕಂಡಾಗ ಬಹಳ ನೋವಾಯಿತು.

ಹಾಗೆಂದು ವಾಲ್‌ಪೇಪರನ್ನೇ ಕೈಬಿಡಬೇಕಿಲ್ಲ. ಎರಡು ಕೋಣೆಗಳ ನಡುವಿನ ಒಣ ಗೋಡೆಯೊಂದನ್ನು ಮಾತ್ರ ಆರಿಸಿ, ಬೇಸಗೆಯಲ್ಲಿ, ತೇವವನ್ನು ಹೊರಬಿಡುವ ನಾನ್‌ವೋವನ್ ಹಾಳೆ ಅಂಟಿಸುವುದು ಜಾಣತನ. ಸಾಮಾನ್ಯವಾಗಿ ಸುಮಾರು 57 ಚದರ ಅಡಿ ಬರುವ ರೋಲ್‌ನಲ್ಲಿ ಉಳಿಯುವ ತುಂಡುಗಳನ್ನು ಎಸೆಯದೆ ಪುಸ್ತಕದ ಕಪಾಟಿನ ಹಿಂಬದಿಗೆ, ಮೇಜಿನ ಡ್ರಾಯರ್‌ಗಳ ಒಳಗೆ, ಹಳೆಯ ಬೀರುವಿನ ಬಾಗಿಲಿಗೆ ಬಳಸಬಹುದು. ನಮ್ಮ ಕಪಾಟಿಗೆ ಬಂದ ಕಳೆಯನ್ನು ಅತಿಥಿಗಳು ಈಗಲೂ ಮೆಚ್ಚುತ್ತಾರೆ.

ವಿನ್ಯಾಸದ ಬಗ್ಗೆಯೂ ಒಂದು ಮಾತು. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣು ಬಳಿದು, ಅದನ್ನು ಕೊರೆದು ಬಿಳಿಯ ಚಿತ್ರ ಮೂಡಿಸುವ ಕಾವಿ ಕಲೆ ಕೊಂಕಣ ಕರಾವಳಿಯ ದೇವಾಲಯಗಳದ್ದು. ಅಂಗಡಿಗಳ ಮಾದರಿ ಪುಸ್ತಕಗಳಲ್ಲಿ ದೂರದೇಶದ ಹೂಬಳ್ಳಿಗಳೇ ತುಂಬಿರುವಾಗ, ಬೇಕಾದ ಚಿತ್ರವನ್ನು ಮುದ್ರಿಸಿಕೊಡುವ ಸ್ಥಳೀಯ ಮುದ್ರಕರು ಕಾವಿಯ ಬಳ್ಳಿ, ಪಟ್ಟಿಗಳನ್ನೂ ತಮ್ಮ ಮಾದರಿಗಳಲ್ಲಿ ಸೇರಿಸಬೇಕೆಂದು ಈ ಮೂಲಕ ವಿನಂತಿಸುತ್ತೇನೆ.

– ಓದುಗರೊಬ್ಬರು, ಉಡುಪಿ